ನಾನು ಬೆಳೆಸಿದ ನಾಲ್ಕು ಸೆಂಟಿಮೀಟರ್

ಸಾಂಬ್ರಾಣಿ ಎಂಬ ಊರಿನ ಶಾಲೆಯ ವರಾಂಡದಲ್ಲಿ ಮಕ್ಕಳ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದಾಗ ಹಳಿಯಾಳದಿಂದ ಒಬ್ಬ ಟೀಚರ್ ಫೋನ್ ಮಾಡಿದರು.

"ಮೇಡಂ, ಮೂರನೇ ಕ್ಲಾಸಿನ ಹುಡುಗಿ ಒಬ್ಬಾಕಿಗೆ ಲಂಗಕ್ಕ ರಕ್ತ ಆಗೈತ್ರಿ. ಎಲ್ಲೂ ಬಿದ್ದಿಲ್ಲ, ಪೆಟ್ಟಾಗಿಲ್ಲ. ಏನ್ ಮಾಡ್ಬೇಕು ತಿಳಿವಲ್ದು. ಲಗೂ ಬರ್ರಿ."

ನಮ್ಮದು ಶಾಲಾ ಆರೋಗ್ಯ ತಪಾಸಣೆಯ ವ್ಯಾನು. ನಾನು ಅದರ ವೈದ್ಯೆ. ಜೊತೆಗೆ ಒಬ್ಬ ನರ್ಸು, ಒಬ್ಬ ಚಾಲಕ. ವರ್ಷಕ್ಕೊಮ್ಮೆ ಪ್ರತಿ ಶಾಲೆಗೂ ಹೋಗಿ ಮಕ್ಕಳ ಎತ್ತರ, ತೂಕ, ಕಣ್ಣು, ಹಲ್ಲು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ತೊಂದರೆ ಕಂಡರೆ ದೊಡ್ಡ ಆಸ್ಪತ್ರೆಗೆ ಚೀಟಿ ಕೊಡುತ್ತೇವೆ. ದೊಡ್ಡ ಆಸ್ಪತ್ರೆಯವರು ನಮ್ಮನ್ನು ಡಾಕ್ಟರೆಂದು ಲೆಕ್ಕಕ್ಕೆ ಹಿಡಿಯುವುದು ಅಷ್ಟಕ್ಕಷ್ಟೇ. ನಾವೂ ಅದಕ್ಕೆ ಒಗ್ಗಿಕೊಂಡುಬಿಟ್ಟಿದ್ದೇವೆ.

ಹಲ್ಲುಗಳನ್ನು ಅಲ್ಲಿಗೇ ಬಿಟ್ಟು ಹಳಿಯಾಳಕ್ಕೆ ಹೋದೆವು. ಮುಖ್ಯೋಪಾಧ್ಯಾಯರ ಕೋಣೆಯ ಬೆಂಚಿನ ಮೇಲೆ ಹುಡುಗಿ ಕೂತಿದ್ದಳು. ದುಂಡನೆಯ ಮುಖ, ಸ್ವಲ್ಪ ಊದಿದ ರೆಪ್ಪೆ, ಎರಡು ಜಡೆ. ಅಳುತ್ತಿರಲಿಲ್ಲ. ಅಳಬೇಕೆಂದು ಅವಳಿಗೆ ಅನಿಸಿದಂತೆಯೂ ಇರಲಿಲ್ಲ. ಪಕ್ಕದಲ್ಲಿ ಬುರ್ಖಾ ತೊಟ್ಟ ತಾಯಿ ಅಳುತ್ತಿದ್ದಳು.

"ಭಾಳ ಚಲೋ ಹುಡುಗಿ ಮೇಡಂ," ಎಂದರು ಟೀಚರ್. "ಕೂತಲ್ಲೇ ಕೂತಿರ್ತಾಳ. ಒಂದು ದಿನ ಗದ್ದಲ ಮಾಡಿದಾಕಿ ಅಲ್ಲ. ಒಮ್ಮೊಮ್ಮೆ ಕ್ಲಾಸಿನಾಗ ನಿದ್ದಿ ಮಾಡ್ತಾಳ, ಅಷ್ಟ."

ಇಂಥ ಕರೆ ಬಂದಾಗ ಮೊದಲು ಮನಸ್ಸಿಗೆ ಬರುವ ಭಯ ಬೇರೆಯದೇ. ತಾಯಿಯನ್ನು ಎದುರಿಗೆ ನಿಲ್ಲಿಸಿಕೊಂಡು ಸಾವಕಾಶವಾಗಿ ನೋಡಿದೆ. ಗಾಯವಿಲ್ಲ, ಯಾರೂ ಮುಟ್ಟಿದ ಗುರುತಿಲ್ಲ. ಉಸಿರು ಬಿಟ್ಟೆ. ಆದರೆ ಹುಡುಗಿಯ ದೇಹ ದೊಡ್ಡವಳಾಗಲು ಶುರುಮಾಡಿತ್ತು. ಅದು ಮುಟ್ಟಿನ ರಕ್ತವೇ. ಮೂರು ತಿಂಗಳಲ್ಲಿ ಇದು ಎರಡನೇ ಸಲ ಎಂದು ತಾಯಿ ತಡವಾಗಿ ಒಪ್ಪಿಕೊಂಡಳು. ಮೊದಲ ಸಲ ಯಾರಿಗೂ ಹೇಳಿರಲಿಲ್ಲವಂತೆ.

ಹೆಣ್ಣುಮಕ್ಕಳಿಗೆ ಅಕಾಲದಲ್ಲಿ ಹೀಗಾಗುವುದನ್ನು ನಾನು ಮೊದಲೂ ನೋಡಿದ್ದೆ. ಅವರೆಲ್ಲ ಎತ್ತರದ ಹುಡುಗಿಯರು. ಹಾರ್ಮೋನು ಬೇಗ ಎಚ್ಚರಗೊಂಡರೆ ಮೂಳೆ ಸರಸರನೆ ಬೆಳೆದು ಮಗು ತರಗತಿಯ ಸಾಲಿನಲ್ಲಿ ಹಿಂದಕ್ಕೆ ಹೋಗುತ್ತದೆ. ಈ ಹುಡುಗಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವಳು. ತರಗತಿಯಲ್ಲೇ ಅತಿ ಗಿಡ್ಡ. ನನಗೆ ಅಲ್ಲಿಂದಲೇ ಗೊಂದಲ ಹತ್ತಿಕೊಂಡಿತು.

ಅಳೆದೆವು. ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ, ಕಣ್ಣು ನೇರ ಮಾಡಿಸಿ, ತಲೆಯ ಮೇಲೆ ಹಲಗೆ ಇಟ್ಟು ನರ್ಸು ಓದಿದಳು: ನೂರಾ ಆರು ಸೆಂಟಿಮೀಟರ್. ನಾನು ರಿಜಿಸ್ಟರ್ ತಿರುವಿದೆ. ಒಂದನೇ ತರಗತಿಯಲ್ಲಿ ನೂರಾ ನಾಲ್ಕು. ಎರಡನೇ ತರಗತಿಯಲ್ಲಿ, ಅಂದರೆ ಹೋದ ವರ್ಷ, ನೂರಾ ಒಂಬತ್ತು.

"ನೂರಾ ಒಂಬತ್ತು ಇದ್ದಾಕಿ ನೂರಾ ಆರು ಹೆಂಗ ಆದ್ಳು?" ಎಂದೆ.

"ವರ್ಷಾ ವರ್ಷಾ ಗಿಡ್ಡ ಆಗೂದು ನಮ್ಮ ಅತ್ತಿ ಒಬ್ಬಾಕೇ ಮೇಡಂ," ಎಂದಳು ನರ್ಸು. ಸಾಂಬ್ರಾಣಿ ಕಡೆಯ ರೈತರ ಮನೆಯವಳು, ವಿಭೂತಿ ಇಟ್ಟುಕೊಂಡೇ ವ್ಯಾನು ಹತ್ತುವವಳು, ಬಾಯಿ ಮಾತ್ರ ಹರಿತ. "ಆಕಿಗೆ ಎಂಬತ್ತು ದಾಟೇತಿ. ಈಕಿಗೆ ಏನಾತು?"

ಮತ್ತೆ ಎರಡು ಸಲ ಅಳೆದೆವು. ಜಡೆ ಬಿಚ್ಚಿ ಅಳೆದೆವು. ನೂರಾ ಆರೇ. ಅಳತೆಯ ಪಟ್ಟಿ ಎಳೆದು ಎಳೆದು ಹಿಗ್ಗಿರಬೇಕು, ಹೊಸದು ತರಬೇಕು ಎಂದು ನಾನು ತೀರ್ಪು ಕೊಟ್ಟೆ. ಆ ಪಟ್ಟಿ ಪಾಪ ಸರಿಯಾಗಿಯೇ ಇತ್ತು.

ಮುಂದಿನ ಪ್ರಶ್ನೆ, ವಯಸ್ಸು. ಇದು ಸರಳ ಎಂದುಕೊಳ್ಳುವವರು ನಮ್ಮ ಕಡೆಯ ಶಾಲೆಗೆ ಒಮ್ಮೆ ಬರಬೇಕು. ದಾಖಲಾತಿ ಪುಸ್ತಕ ತೆಗೆದರೆ ಅರ್ಧ ತರಗತಿ ಜೂನ್ ಒಂದನೇ ತಾರೀಖು ಹುಟ್ಟಿರುತ್ತದೆ. ಮಗುವನ್ನು ಕರೆದುಕೊಂಡು ಬಂದ ದಿನ ಶಾಲೆಗೆ ಸೇರಿಸಲು ಎಷ್ಟು ವಯಸ್ಸು ಬೇಕೋ ಅಷ್ಟು ಬರೆದಿರುತ್ತಾರೆ. ಈ ಹುಡುಗಿಯೂ ಜೂನ್ ಒಂದರವಳೇ. ಶಾಲೆಯ ಪ್ರಕಾರ ಒಂಬತ್ತು ವರ್ಷ ದಾಟಿತ್ತು. ತಾಯಿ ಪರ್ಸಿನಿಂದ ತೆಗೆದುಕೊಟ್ಟ ಆಧಾರ್ ಕಾರ್ಡಿನ ಪ್ರಕಾರ ಏಳು. ಒಂಬತ್ತಾದರೆ ಸ್ವಲ್ಪ ಬೇಗ ಅಷ್ಟೇ. ಏಳಾದರೆ ಹೆದರಬೇಕಾದ ವಿಷಯ.

ಸಂಜೆ ಅವರ ಮನೆಗೆ ಹೋದೆ. ದಾಂಡೇಲಿ ರಸ್ತೆಯಲ್ಲಿ ಮುಂದೆ ಬೈಕ್ ಗ್ಯಾರೇಜು, ಹಿಂದೆ ಮನೆ. ತಂದೆ ಮೆಕ್ಯಾನಿಕ್, ಅಂಗೈಯ ಗೆರೆಗಳಲ್ಲೆಲ್ಲ ಗ್ರೀಸು. ಸುದ್ದಿ ಕೇಳಿ ಮೆತ್ತಗಾಗಿದ್ದರು. "ಏಳೋ ಒಂಬತ್ತೋ?" ಎಂದು ಕೇಳಿದರೆ, "ಆಧಾರ್ ಕ್ಯಾಂಪಿನಾಗ ಅವರು ಕೇಳಿದ್ರು, ನಾ ಅಂದಾಜು ಹೇಳಿದೆ ಮೇಡಂ. ಶಾಲಿ ಒಳಗ ಹೆಡ್ ಸರ್ ಬರಕೊಂಡ್ರು. ಹುಟ್ಟಿದ್ದು ಊರಾಗ, ಮನ್ಯಾಗ," ಎಂದರು.

ಬಾಗಿಲಲ್ಲಿ ಕೂತಿದ್ದ ಅಜ್ಜಿ ತಸ್ಬೀಹ್ ಮಣಿ ಎಣಿಸುವುದನ್ನು ನಿಲ್ಲಿಸಿ ಹೇಳಿದರು: "ಅರೇ ಬೇಟಿ, ಆಠ್ ಸಾಲ್, ಎಂಟು ವರ್ಷ, ಮ್ಯಾಲೆ ಎರಡು ತಿಂಗಳು. ನಾ ಹೇಳಾಕತ್ತೇನಿ, ಯಾರೂ ಕೇಳಾಂಗಿಲ್ಲ."

ನಾನೂ ಕೇಳಲಿಲ್ಲ. ಎರಡು ಕಾಗದ ಎರಡು ಮಾತು ಹೇಳುತ್ತಿರುವಾಗ ಅಜ್ಜಿಯ ಮೂರನೆಯದು ಬೇರೆ ಯಾಕೆ ಎನಿಸಿತು. ತಾಯಿ ಚಹಾ ತಂದಳು. ಮನೆಯಲ್ಲಿ ಗುಡಿಯಾ ಎಂದೇ ಕರೆಯುವ ಮಗಳ ಮೈಮೇಲಿದ್ದ ನೀಲಿ ಫ್ರಾಕಿನ ಅಂಚು ಎಳೆಯುತ್ತಾ, "ಗುಡಿಯಾಗ ಬಟ್ಟಿ ತರೂ ಚಿಂತಿನೇ ಇಲ್ರಿ. ಇದು ಮೂರನೇ ಈದ್ ಕಂಡೇತಿ. ಹರಿಯಂಗಿಲ್ಲ, ಗಿಡ್ಡೂ ಆಗಂಗಿಲ್ಲ," ಎಂದಳು. ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. ನಾನು ನಕ್ಕು ಚಹಾ ಕುಡಿದೆ. ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ.

ಮರುದಿನ ಎಡಗೈಯ ಎಕ್ಸ್‌ರೇ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಒಂದೊಂದಾಗಿ ಮೂಡುತ್ತವೆ. ಎಷ್ಟು ಮೂಡಿವೆ ಎಂಬುದರಿಂದ ಮೂಳೆಯ ವಯಸ್ಸು ತಿಳಿಯುತ್ತದೆ. ಬೇಗ ದೊಡ್ಡವಳಾಗುತ್ತಿರುವ ಹುಡುಗಿಯ ಮೂಳೆ ವಯಸ್ಸಿಗಿಂತ ಮುಂದಿರಬೇಕು. ನಾನಿರುವುದು ದಾಂಡೇಲಿಯ ಬಂಗೂರನಗರದಲ್ಲಿ, ಎಕ್ಸ್‌ರೇ ಕೇಂದ್ರ ಮನೆಯ ಹತ್ತಿರವೇ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಮೂಳೆ ಮೂಡಿದ್ದವು, ಐದನೆಯದು ಅಕ್ಕಿಕಾಳಿನಷ್ಟಿತ್ತು. ನಾಲ್ಕೂವರೆ ವರ್ಷದ ಕೈ.

"ಇದು ಆಕಿ ಕೈ ಅಲ್ಲ," ಎಂದೆ.

ಎಕ್ಸ್‌ರೇ ತಂತ್ರಜ್ಞರು ಕನ್ನಡಕ ಏರಿಸಿದರು. "ಆಕಿದ ಮೇಡಂ. ನಾನ ಕೈ ಹಿಡಿದು ಇಟ್ಟೇನಿ."

"ಮುಂಜಾನೆ ಮತ್ತ್ಯಾರ್ದಾರ ಸಣ್ಣ ಹುಡುಗ್ರದು ತಗದ್ರಿ?"

"ಕೈ ಮುರಕೊಂಡಿದ್ದು ಒಂದು ಕೂಸು ಬಂದಿತ್ತು ಖರೇ."

"ಅದ ನೋಡ್ರಿ, ಅದಲು ಬದಲು ಆಗೈತಿ."

ಅವರಿಗೆ ಸಿಟ್ಟು ಬಂತು. ಮುರಿದ ಕೈಯಲ್ಲಿ ಮುರಿತ ಕಾಣಬೇಕಲ್ಲ, ಇದರಲ್ಲಿ ಎಲ್ಲಿದೆ ತೋರಿಸಿ ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ಆದರೂ ನಾನು ಅದನ್ನು ತಪ್ಪು ಎಕ್ಸ್‌ರೇ ಎಂದು ಪಕ್ಕಕ್ಕಿಟ್ಟು, ಮತ್ತೊಮ್ಮೆ ತೆಗೆಸೋಣ ಎಂದುಕೊಂಡೆ. ಪಟ್ಟಿ ತಪ್ಪು, ಫಿಲ್ಮ್ ತಪ್ಪು, ಅಜ್ಜಿ ತಪ್ಪು. ನನ್ನ ರಿಜಿಸ್ಟರ್ ಒಂದೇ ಸರಿ ಎಂದು ಕೂತಿದ್ದೆನಲ್ಲ, ಈಗ ನೆನೆದರೆ ಮೈ ಉರಿಯುತ್ತದೆ.

ಅದೇ ದಿನ ತಂದೆ ತಾಯಿ ಹುಡುಗಿಯನ್ನು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು, ಚೀಟಿ ನನ್ನದೇ. ಹೊಟ್ಟೆಯ ಸ್ಕ್ಯಾನಿನಲ್ಲಿ ಎರಡೂ ಅಂಡಾಶಯಗಳು ಊದಿಕೊಂಡು ನೀರುಗುಳ್ಳೆಗಳಿಂದ ತುಂಬಿದ್ದವು. ಬಲಗಡೆಯದು ದೊಡ್ಡ ನಿಂಬೆಹಣ್ಣಿಗಿಂತ ದೊಡ್ಡದು. ಗಡ್ಡೆ ಇರಬಹುದು, ಹಾರ್ಮೋನು ಅಲ್ಲಿಂದಲೇ ಬರುತ್ತಿರಬಹುದು, ತಿರುಚಿಕೊಂಡರೆ ಜೀವಕ್ಕೇ ಕುತ್ತು. ಶಸ್ತ್ರಚಿಕಿತ್ಸಕರು ಸೋಮವಾರಕ್ಕೆ ಆಪರೇಷನ್ ಇಟ್ಟರು. ಬಲಗಡೆಯದು ತೆಗೆಯುವುದು ಖಚಿತ, ಎಡಗಡೆಯದು ಹೊಟ್ಟೆ ತೆರೆದ ಮೇಲೆ ನೋಡಿ ನಿರ್ಧರಿಸುವುದು. ತಂದೆ ಸಹಿ ಮಾಡಿ ಬಂದರು.

"ಎರಡೂ ತಗದ್ರ ಮುಂದ ಗುಡಿಯಾಗ ಮಕ್ಕಳಾಗಂಗಿಲ್ಲ, ಹೌದಲ್ರಿ?" ಎಂದು ಅವರು ನನಗೆ ಫೋನಿನಲ್ಲಿ ಕೇಳಿದರು. ನಾನು ಹೌದೆಂದೆ. "ಜೀವ ಉಳಿದ್ರ ಸಾಕ್ರಿ," ಎಂದು ಫೋನ್ ಇಟ್ಟರು. ಏಳೋ ಒಂಬತ್ತೋ ತಿಳಿಯದ ಮಗುವಿನ ಬಗ್ಗೆ ಇಂಥ ಮಾತಾಡಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು.

ಧಾರವಾಡದಲ್ಲಿ ಮಕ್ಕಳ ಹಾರ್ಮೋನು ತಜ್ಞೆಯೊಬ್ಬರಿದ್ದರು. ಒಂದು ತರಬೇತಿಯಲ್ಲಿ ಪಾಠ ಮಾಡಿ ನಂಬರ್ ಕೊಟ್ಟಿದ್ದರು. ಧೈರ್ಯ ಮಾಡಿ ಬುಧವಾರ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಎತ್ತರ ಬೆಳೆಯುತ್ತಿದ್ದಾಳಾ? ಹೋದ ವರ್ಷ ಎಷ್ಟು ಬೆಳೆದಳು?"

ರಿಜಿಸ್ಟರ್ ನನ್ನ ಮುಂದೆಯೇ ಇತ್ತು. "ಒಂದನೇ ತರಗತಿಗೆ ನೂರಾ ನಾಲ್ಕು, ಎರಡನೇ ತರಗತಿಗೆ ನೂರಾ ಒಂಬತ್ತು ಮೇಡಂ. ವರ್ಷಕ್ಕೆ ಐದು."

"ಈಗ?"

"ನೂರಾ ಆರು ತೋರಿಸಿತು. ಪಟ್ಟಿ ಸರಿ ಇಲ್ಲ."

"ಮೂಳೆಯ ವಯಸ್ಸು?"

"ಎಕ್ಸ್‌ರೇ ಅದಲು ಬದಲು ಆಗಿದೆ ಮೇಡಂ. ಮತ್ತೆ ತೆಗೆಸಬೇಕು."

"ಗಿಡ್ಡ ಇದ್ದಾಳೆ, ಆದರೆ ವರ್ಷಕ್ಕೆ ಐದು ಬೆಳೆಯುತ್ತಿದ್ದರೆ ನಾನು ಯೋಚಿಸಿದ್ದು ಇರಲಾರದು. ಸರ್ಜನ್ ಹೇಳಿದ ಹಾಗೆ ನಡೆಯಲಿ," ಎಂದರು. ಯೋಚಿಸಿದ್ದು ಏನು ಎಂದು ನಾನು ಕೇಳಲಿಲ್ಲ. ದೊಡ್ಡವರ ಮಾತಿನ ಮೇಲೆ ಪ್ರಶ್ನೆ ಯಾಕೆ ಎಂಬ ನಮ್ಮ ಹಳೆಯ ಚಾಳಿ.

ಗುರುವಾರ ಮಧ್ಯಾಹ್ನ ಆಸ್ಪತ್ರೆಗೆ ಬೇಕಿದ್ದ ಒಂದು ಕಾಗದ ಕೊಡಲು ಗ್ಯಾರೇಜಿಗೆ ಹೋದೆ. ತಂದೆ ಒಳಗೆ ಕೀಲಿ ಹುಡುಕುತ್ತಿದ್ದರು. ನಾನು ಗೋಡೆ ನೋಡುತ್ತ ನಿಂತೆ. ಟೈರು ಕಂಪನಿಯ ಕ್ಯಾಲೆಂಡರಿನ ಪಕ್ಕ ಚೌಕಟ್ಟು ಹಾಕಿದ ಒಂದು ಫೋಟೋ: ಜರಿಯ ಬಟ್ಟೆ, ತಲೆಗೆ ಹೂವಿನ ಸೆಹ್ರಾ ತೊಟ್ಟ ಪುಟ್ಟ ಹುಡುಗಿ, ಇದೇ ಗ್ಯಾರೇಜಿನ ಮರದ ಮೇಜಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಕೆಳಗೆ ಸ್ಟುಡಿಯೋದವರು ತಾರೀಖು ಅಚ್ಚು ಹಾಕಿದ್ದರು.

"ಯಾರ ಲಗ್ನದಾಗ ತಗಸಿದ್ದು?" ಎಂದೆ ಅಜ್ಜಿಗೆ.

"ಲಗ್ನ ಅಲ್ಲ, ಗುಡಿಯಾಂದು ಬಿಸ್ಮಿಲ್ಲಾ. ಮೊದಲನೇ ಅಕ್ಷರ ಕಲಸೂ ದಿನ. ಚಾರ್ ಸಾಲ್, ಚಾರ್ ಮಹೀನೇ, ಚಾರ್ ದಿನ್ ತುಂಬಿದಾಗ ಮಾಡ್ತೇವಿ." ಅವರು ನಾಲ್ಕು ಬೆರಳು ಮೂರು ಸಲ ಎತ್ತಿದರು. "ಈಗಿನವ್ರು ಸಂಡೇ ನೋಡ್ಕೊಂಡು ಮಾಡ್ತಾರ. ನಾ ಬಿಡಲಿಲ್ಲ. ಎಣಿಸಿ ಎಣಿಸಿ ಬುಧವಾರ ಮಾಡಿಸೇನಿ. ಬಾಪ್ ಆಕಿನ್ನ ಗ್ಯಾರೇಜಿಗೂ ಕರಕೊಂಡು ಬಂದು ಮೇಜಿನ ಮ್ಯಾಲೆ ಚಾಕ್ ಖಡುವಿಲೆ ಅಲಿಫ್ ಬರಸಿದ."

ನಾನು ಫೋನಿನಲ್ಲಿ ಲೆಕ್ಕ ಹಾಕಿದೆ. ಆ ತಾರೀಖಿನಿಂದ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ಹಿಂದಕ್ಕೆ. ಹುಡುಗಿಗೆ ಈಗ ಎಂಟು ವರ್ಷ ಎರಡು ತಿಂಗಳು. ಶಾಲೆ ತಪ್ಪು, ಆಧಾರ್ ತಪ್ಪು, ಬಾಗಿಲಲ್ಲಿ ಕೂತು ಮೂರು ದಿನದಿಂದ ಹೇಳುತ್ತಿದ್ದ ಅಜ್ಜಿ ಸರಿ.

ಆಮೇಲೆ ಮೇಜು ನೋಡಿದೆ. ಅದರ ಅಂಚಿಗೆ ಬೋಲ್ಟು ಹಾಕಿ ಬಿಗಿದ ಕಬ್ಬಿಣದ ವೈಸ್ ಇತ್ತು, ಸಾಮಾನು ಕಚ್ಚಿ ಹಿಡಿಯುವ ಯಂತ್ರ. ಫೋಟೋದಲ್ಲಿ ಹುಡುಗಿಯ ನೆತ್ತಿ ಆ ವೈಸಿನ ಬಾಯಿಗೆ ಸರಿಯಾಗಿ ಸಮ ಇತ್ತು.

"ಈ ವೈಸ್ ಆವಾಗಿಂದ ಇಲ್ಲೇ ಐತೇನ್ರಿ?"

"ಗ್ಯಾರೇಜು ಚಾಲೂ ಮಾಡಿದಾಗಿಂದ ಇಲ್ಲೇ," ಎಂದರು ತಂದೆ. "ಮೇಜಿನ ಕಾಲು ಸಿಮೆಂಟಿನಾಗ ಕೂಡಿಸೇನಿ. ಹಂದ್ಯಾಡಂಗಿಲ್ಲ."

"ಗುಡಿಯಾನ್ನ ಕರೀರಿ."

ಹುಡುಗಿ ನಿಧಾನವಾಗಿ ಬಂದು, ಹೇಳಿದ ಹಾಗೆ ಮೇಜಿಗೆ ಬೆನ್ನು ಕೊಟ್ಟು ನಿಂತಳು. ಅವಳ ನೆತ್ತಿ ವೈಸಿನ ಬಾಯಿಗಿಂತ ಮೂರು ಬೆರಳು ಮೇಲಿತ್ತು. ಮೂರೇ ಬೆರಳು. ಟೇಪಿನಿಂದ ಅಳೆದೆ. ವೈಸಿನ ಬಾಯಿ ನೆಲದಿಂದ ನೂರಾ ಒಂದು, ಹುಡುಗಿ ನೂರಾ ಆರು. ಸುಮಾರು ನಾಲ್ಕು ವರ್ಷಕ್ಕೆ ಐದು ಸೆಂಟಿಮೀಟರ್. ಇಪ್ಪತ್ತಕ್ಕಿಂತ ಹೆಚ್ಚು ಆಗಬೇಕಿತ್ತು.

ಒಂದೇ ಒಂದು ವರ್ಷದಲ್ಲಿ ಐದು ಬೆಳೆದಿದ್ದಾಳೆ ಎನ್ನುತ್ತದೆ ನನ್ನ ರಿಜಿಸ್ಟರು. ನಾಲ್ಕು ವರ್ಷಕ್ಕೂ ಸೇರಿ ಐದು ಎನ್ನುತ್ತದೆ ವೈಸು. ಸಿಮೆಂಟಿನಲ್ಲಿ ಕೂಡಿಸಿದ ಮೇಜು ಸುಳ್ಳು ಹೇಳಲಾರದು. ಹಾಗಾದರೆ?

ವ್ಯಾನಿನಿಂದ ರಿಜಿಸ್ಟರ್ ತರಿಸಿ ಗ್ಯಾರೇಜಿನ ಬಾಗಿಲ ಬಿಸಿಲಿಗೆ ಪುಟವನ್ನು ಎತ್ತಿ ಹಿಡಿದೆ. ನೂರಾ ಒಂಬತ್ತರ ಕೆಳಗೆ ಬಿಳಿ ವೈಟ್ನರಿನ ಮಚ್ಚೆ. ಪುಟದ ಹಿಂಭಾಗದಿಂದ ನೋಡಿದರೆ ಅದರಡಿ ಇನ್ನೊಂದು ಅಂಕಿ ತಿರುಗುಮುರುಗಾಗಿ ಕಾಣುತ್ತಿತ್ತು: ನೂರಾ ಐದು. ಮೇಲಿನ ಅಂಕಿಯ ಬಾಲ ಎಳೆದ ರೀತಿ ನನ್ನದೇ.

ನೆನಪಾಯಿತು. ಹೋದ ವರ್ಷ ಮಳೆಗಾಲ, ಒಂದೇ ದಿನ ಎರಡು ಶಾಲೆ. ಮಕ್ಕಳ ಎತ್ತರ ಹೆಚ್ಚುಕಡಿಮೆ ಹಿಂದಿನ ವರ್ಷದಷ್ಟೇ ಇದ್ದರೆ ಮೇಲಿನವರು ಆ ಸಾಲಿಗೆ ಕೆಂಪು ಗೆರೆ ಎಳೆದು "ಮತ್ತೆ ಅಳೆಯಿರಿ" ಎಂದು ವಾಪಸು ಕಳಿಸುತ್ತಿದ್ದರು. ಮತ್ತೆ ಅಳೆಯಲು ಮತ್ತೆ ಅಷ್ಟು ದೂರ. ಎರಡನೇ ತರಗತಿಯ ಮಗು ವರ್ಷಕ್ಕೆ ಒಂದೇ ಸೆಂಟಿಮೀಟರ್ ಬೆಳೆಯುವುದುಂಟೇ, ಅಳತೆಯಲ್ಲೇ ಏನೋ ತಪ್ಪಾಗಿದೆ ಎಂದು ನಾನೇ ಅಂದಿದ್ದೆ. ಮಕ್ಕಳು ವರ್ಷಕ್ಕೆ ಬೆಳೆಯುವುದು ಐದು, ಹಾಗೇ ಹೊಂದಿಸಿಬಿಡೋಣ ಎಂದೂ ನಾನೇ ಅಂದಿದ್ದೆ. ವೈಟ್ನರ್ ಹಚ್ಚಿ, ಊದಿ ಒಣಗಿಸಿ, ಮಗುವನ್ನು ನಾಲ್ಕು ಸೆಂಟಿಮೀಟರ್ ಬೆಳೆಸಿದ್ದೆ. ಅವಳ ದೇಹ ಕೈ ಎತ್ತಿ ಹೇಳಿದ್ದನ್ನು ನಾನು ಬಿಳಿ ಬಣ್ಣದಿಂದ ಮುಚ್ಚಿದ್ದೆ. ಅಷ್ಟೇ ಅಲ್ಲ, ಹಿಂದಿನ ದಿನ ಅದೇ ಸುಳ್ಳನ್ನು ತಜ್ಞೆಗೂ ಹೇಳಿದ್ದೆ.

ನರ್ಸು ನನ್ನ ಮುಖ ನೋಡಿದಳು. ರಿಜಿಸ್ಟರನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಿ ಕಂಕುಳಲ್ಲಿಟ್ಟುಕೊಂಡಳು. ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಸುಮ್ಮನಿರಬಹುದಿತ್ತು. ಆಪರೇಷನ್ ಆಗುತ್ತಿತ್ತು, ಗುಳ್ಳೆಗಳಿದ್ದದ್ದಂತೂ ನಿಜ, ಯಾರೂ ನನ್ನ ರಿಜಿಸ್ಟರನ್ನು ಬಿಸಿಲಿಗೆ ಹಿಡಿದು ನೋಡುತ್ತಿರಲಿಲ್ಲ. ನಿಜ ಹೇಳಿದರೆ ಕೆಲಸಕ್ಕೆ ಸಂಚಕಾರ ಬರಬಹುದು ಎಂಬ ಯೋಚನೆಯೂ ಬಂದುಹೋಯಿತು. ಹುಡುಗಿ ಇನ್ನೂ ಮೇಜಿಗೆ ಬೆನ್ನು ಕೊಟ್ಟೇ ನಿಂತಿದ್ದಳು. ಸರಿ ಎಂದು ನಾನು ಹೇಳಿರಲಿಲ್ಲವಲ್ಲ. ವ್ಯಾನಿನೊಳಗೆ ಹೋಗಿ ಬಾಗಿಲು ಎಳೆದುಕೊಂಡು ತಜ್ಞೆಗೆ ಫೋನ್ ಮಾಡಿದೆ.

"ಮೇಡಂ, ನಿನ್ನೆ ಹೇಳಿದ ನೂರಾ ಒಂಬತ್ತು ಆ ಹುಡುಗಿಯದಲ್ಲ. ನಾನು ಬರೆದದ್ದು. ನಿಜವಾದದ್ದು ನೂರಾ ಐದು. ಪಟ್ಟಿ ಸರಿ ಇದೆ, ಎಕ್ಸ್‌ರೇನೂ ಅವಳದೇ. ವಯಸ್ಸು ಎಂಟು ವರ್ಷ ಎರಡು ತಿಂಗಳು. ನಾಲ್ಕು ವರ್ಷದಿಂದ ಅವಳು ಬೆಳೆದೇ ಇಲ್ಲ."

ಅವರು ಬೈಯಲಿಲ್ಲ. ಚುರುಕಾಗಿ ಒಂದರ ಹಿಂದೊಂದು ಕೇಳಿದರು. ಮಲಬದ್ಧತೆ? ಚಳಿ ಜಾಸ್ತಿ? ಒಣ ಚರ್ಮ? ಗಡಸು ದನಿ? ನಿದ್ದೆ? ನಾನು ಹೊರಗೆ ತಲೆ ಹಾಕಿ ತಾಯಿಯನ್ನು ಕೇಳಿ ಕೇಳಿ ಉತ್ತರಿಸಿದೆ. ಎಲ್ಲದಕ್ಕೂ ಹೌದು.

"ಥೈರಾಯ್ಡ್," ಎಂದರು. "ಕತ್ತಿನ ಗ್ರಂಥಿ ಕೆಲಸ ನಿಲ್ಲಿಸಿದೆ. ಅದನ್ನು ಎಬ್ಬಿಸಲು ಮಿದುಳು ಕೂಗುತ್ತಿದೆ. ವರ್ಷಗಟ್ಟಲೆ ಕೂಗಿ ಕೂಗಿ ಪಕ್ಕದ ಮನೆಯವರೂ ಎದ್ದು ಕೂತಿದ್ದಾರೆ. ಅಂಡಾಶಯ ಊದಿದ್ದು, ರಕ್ತ ಹೋಗಿದ್ದು ಅದಕ್ಕೇ ಇರಬೇಕು. ಬೇಗ ದೊಡ್ಡವಳಾಗುತ್ತಾ ಬೆಳವಣಿಗೆ ನಿಲ್ಲುವುದು ಇದೊಂದರಲ್ಲೇ. ಇದಾಗಿದ್ದರೆ ಗುಳ್ಳೆಗಳು ಮಾತ್ರೆಗೇ ಇಳಿಯುತ್ತವೆ, ಕತ್ತರಿ ಬೇಕಿಲ್ಲ. ನಾಳೆ ಬೆಳಿಗ್ಗೆ ರಕ್ತ ಕಳಿಸಿ."

ಹುಬ್ಬಳ್ಳಿಯ ಶಸ್ತ್ರಚಿಕಿತ್ಸಕರಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಶಾಲಾ ವ್ಯಾನಿನ ವೈದ್ಯೆ ಆಪರೇಷನ್ ನಿಲ್ಲಿಸಿ ಎನ್ನುತ್ತಿದ್ದಾಳೆ ಎಂದರೆ ಯಾರಿಗೆ ತಾನೇ ಸಹಿಸೀತು. "ನೀವೇ ಚೀಟಿ ಬರೆದಿರಿ, ಈಗ ನೀವೇ ಬೇಡ ಅಂತೀರಿ. ನಡುವೆ ತಿರುಚಿಕೊಂಡರೆ ಹೊಣೆ ಯಾರು?" ಎಂದರು. ವೈಟ್ನರಿನ ಕಥೆಯನ್ನು ಅವರಿಗೂ ಹೇಳಿದೆ. ಕೊನೆಗೆ, "ಶನಿವಾರ ಸಂಜೆಯೊಳಗೆ ರಿಪೋರ್ಟು ನನ್ನ ಕೈಗೆ ಬರಬೇಕು. ಇಲ್ಲದಿದ್ದರೆ ಸೋಮವಾರ ನಾನು ಕಾಯುವುದಿಲ್ಲ," ಎಂದರು. ಮನುಷ್ಯ ನ್ಯಾಯವಂತ. ನಾನು ಅವರ ಜಾಗದಲ್ಲಿದ್ದರೆ ಅಷ್ಟೂ ಸಮಯ ಕೊಡುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ರಕ್ತ ಹೋಯಿತು. ಶನಿವಾರ ನನ್ನ ಹಣೆಬರಹಕ್ಕೆ ಅನಮೋಡದ ಕಡೆ ಕೆಲಸ ಬಿತ್ತು. ಅಲ್ಲಿಗೆ ಹೋಗಬೇಕಿದ್ದ ಜೋಯಿಡಾ ತಂಡದ ವೈದ್ಯರು ರಜೆಯಲ್ಲಿದ್ದರು. ಅಲ್ಲಿ ಶಾಲೆಯೊಳಗೆ ಫೋನಿಗೆ ಜೀವವೇ ಇಲ್ಲ. ಮಕ್ಕಳೊಡನೆ ಕೊಂಕಣಿಯಲ್ಲಿ ಮಾತಾಡುತ್ತಿದ್ದ ಅಂಗನವಾಡಿ ಕಾರ್ಯಕರ್ತೆ, ಚೆಕ್‌ಪೋಸ್ಟಿನ ಹತ್ತಿರ ಸಿಗ್ನಲ್ ಸಿಗುತ್ತದೆ ಎಂದಳು. ತಪಾಸಣೆ ಮುಗಿಸಿ ಗೋವಾದ ಲಾರಿಗಳ ಸಾಲಿನ ಪಕ್ಕ ಫೋನನ್ನು ತಲೆಯ ಮೇಲೆ ಹಿಡಿದುಕೊಂಡು ಅಡ್ಡಾಡಿದೆ.

"ಏನ್ ಹುಡುಕಾಕತ್ತೀರಿ ಮೇಡಂ?" ಎಂದ ಅಲ್ಲಿದ್ದ ಪೊಲೀಸ್.

"ಒಂದು ಹುಡುಗಿ ರಿಪೋರ್ಟು ಬರಬೇಕಾಗೈತ್ರಿ."

"ಆ ಕಲ್ಲಿನ ಮ್ಯಾಲೆ ನಿಲ್ರಿ. ಎಲ್ಲಾರೂ ಅಲ್ಲೇ ನಿಂತು ಮಾತಾಡ್ತಾರ."

ಕಲ್ಲಿನ ಮೇಲೆ ಹತ್ತಿ ನಿಂತೆ. ಮೂರು ಗಂಟೆಯ ಹೊತ್ತಿಗೆ ಫೋನ್ ಒಮ್ಮೆ ನಡುಗಿತು. ಮಿದುಳಿನ ಕೂಗೇ ಆದ ಆ ಹಾರ್ಮೋನಿಗೆ ಅಂಕಿಯೇ ಇರಲಿಲ್ಲ. ಯಂತ್ರ ಅಳೆಯಬಲ್ಲ ಮಿತಿ ಬರೆದು, ಅದಕ್ಕಿಂತ ಹೆಚ್ಚು ಎಂಬ ಗುರುತು ಹಾಕಿದ್ದರು. ಥೈರಾಯ್ಡಿನ ಹಾರ್ಮೋನು ಮಾತ್ರ ಇದ್ದೂ ಇಲ್ಲದಂತಿತ್ತು. ಆ ಕಲ್ಲಿನ ಮೇಲೆ ನಿಂತೇ ಇಬ್ಬರು ಡಾಕ್ಟರಿಗೂ ಕಳಿಸಿದೆ. ಎರಡು ಸಲ ಹೋಗಲಿಲ್ಲ, ಮೂರನೇ ಸಲ ಹೋಯಿತು. ಹುಬ್ಬಳ್ಳಿಯಿಂದ ಬಂದ ಉತ್ತರ ಚಿಕ್ಕದು: "ಆಪರೇಷನ್ ರದ್ದು. ಮಾತ್ರೆ ಶುರು ಮಾಡಲಿ. ಪ್ರತಿ ವಾರ ಸ್ಕ್ಯಾನ್ ಮಾಡಿ ನೋಡುತ್ತೇನೆ."

ನಾನು ಕಲ್ಲಿನ ಮೇಲೆಯೇ ಕೂತು ಅತ್ತುಬಿಟ್ಟೆ. ಪೊಲೀಸ್ ಕೆಟ್ಟ ಸುದ್ದಿ ಎಂದುಕೊಂಡು ನೀರು ತಂದುಕೊಟ್ಟ.

ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಪುಟ್ಟ ಮಾತ್ರೆ. ರಕ್ತಸ್ರಾವ ಮತ್ತೆ ಬರಲಿಲ್ಲ. ಗುಳ್ಳೆಗಳು ವಾರವಾರಕ್ಕೆ ಕುಗ್ಗಿದವು. ಮೂರೂವರೆ ತಿಂಗಳಿಗೆ ಎರಡೂ ಅಂಡಾಶಯಗಳು ಆ ವಯಸ್ಸಿನ ಮಗುವಿಗೆ ಇರಬೇಕಾದಷ್ಟೇ ಆದವು. ಟೀಚರ್ ಫೋನ್ ಮಾಡಿ, ನೀವು ಏನು ಔಷಧಿ ಕೊಟ್ಟಿರಿ, ಹುಡುಗಿ ಬೆಂಚಿನ ಮೇಲೆ ಹತ್ತಿ ಕುಣಿಯುತ್ತಾಳೆ, ಮೊದಲೇ ಚೆನ್ನಾಗಿತ್ತು ಎಂದು ದೂರಿದರು. ಅಂಥ ದೂರು ಕೇಳಿ ನಾನು ಎಂದೂ ಅಷ್ಟು ಸಂತೋಷಪಟ್ಟಿರಲಿಲ್ಲ.

ಎಂಟನೇ ತಿಂಗಳಿಗೆ ಗ್ಯಾರೇಜಿನಲ್ಲೇ ಅಳೆದೆವು. ನೂರಾ ಹದಿನಾಲ್ಕು. ವೈಸಿನ ಬಾಯಿ ಅವಳ ಕಿವಿಯ ಹತ್ತಿರ ಬಂದಿತ್ತು. ನೀಲಿ ಫ್ರಾಕು ಮೊಣಕಾಲಿಗಿಂತ ಮೇಲೆ ಹೋಗಿತ್ತು. ಅಜ್ಜಿ, "ಈಗಾರ ನನ್ನ ಲೆಕ್ಕ ನಂಬ್ತಿಯೇನ?" ಎಂದು ನನ್ನ ಗಲ್ಲ ಹಿಂಡಿದರು. ಮನೆಯವರು ನನ್ನನ್ನು ಹೊಗಳುತ್ತಿದ್ದರು. ತಂದೆ ನನಗಾಗಿ ಕುರ್ಚಿಯ ಮೇಲೆ ಹೊಸ ಟವೆಲು ಹಾಸಿದ್ದರು. ಆ ಟವೆಲಿನ ಮೇಲೆ ಕೂರಲು ನನ್ನಿಂದಾಗಲಿಲ್ಲ. ರಿಜಿಸ್ಟರ್ ತೆರೆದು, ಪುಟವನ್ನು ಬೆಳಕಿಗೆ ಹಿಡಿದು ಎಲ್ಲವನ್ನೂ ಹೇಳಿದೆ. ಒಂದು ವರ್ಷ ಮೊದಲೇ ತಿಳಿಯಬಹುದಿತ್ತು, ರಕ್ತ ಕಾಣುವ ಮೊದಲೇ, ಸ್ಕ್ಯಾನು ಸಹಿ ಏನೂ ಇಲ್ಲದೆ. ನಾನು ಮುಚ್ಚಿಟ್ಟೆ. ಆ ಒಂದು ವರ್ಷದ ಎತ್ತರ ಅವಳಿಗೆ ಪೂರ್ತಿ ವಾಪಸು ಬರುತ್ತದೆಯೋ ಇಲ್ಲವೋ ಯಾರೂ ಖಚಿತ ಹೇಳಲಾರರು ಎಂದೂ ಹೇಳಿದೆ.

ತಂದೆ ಬಹಳ ಹೊತ್ತು ಪುಟ ನೋಡಿದರು.

"ಬೈಕಿನ ಮೀಟರ್ ಮುಳ್ಳು ನಿಂತಿದ್ರ ನಾವೂ ಮೊದಲ ಕೇಬಲ್ ಹೋಗೇತಿ ಅಂತನ ತಿಳ್ಕೋತೇವ್ರಿ ಮೇಡಂ," ಎಂದರು ಕೊನೆಗೆ. "ಗಾಡಿನ ನಿಂತೇತಿ ಅಂತ ಯಾರ್ ಅನ್ಕೋತಾರ? ಕುಂದರ್ರಿ."

ಅವರು ಕ್ಷಮಿಸಿದ್ದರು. ನಾನು ಕೂತೆ. ತಾಯಿ ಮಾತ್ರ ಪುಟದಿಂದ ಕಣ್ಣು ತೆಗೆದಿರಲಿಲ್ಲ. ಮಗಳ ಹೆಸರಿನ ಮೇಲೆ, ಕೆಳಗೆ ಇದ್ದ ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದಳು.

"ಮತ್ತ ಉಳದ ಹುಡುಗ್ರದು?" ಎಂದಳು.

ನನಗೆ ಗೊತ್ತಿರಲಿಲ್ಲ. ಎಷ್ಟು ಸಲ ಹಾಗೆ ಹೊಂದಿಸಿದ್ದೇನೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಅವಳು ತಲೆಯಾಡಿಸಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಆ ವಾರ ನಾನೂ ನರ್ಸೂ ಹಳೆಯ ರಿಜಿಸ್ಟರುಗಳನ್ನೆಲ್ಲ ತೆಗೆದು 'ಐದು' ಬೆಳೆದ ಮಕ್ಕಳ ಪುಟಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಎರಡನೇ ದಿನ ಇನ್ನೊಂದು ಬಿಳಿ ಮಚ್ಚೆ ಸಿಕ್ಕಿತು. ಅದರಡಿಯ ಅಂಕಿ ಹಿಂದಿನ ವರ್ಷದ ಅಂಕಿಯೇ ಆಗಿತ್ತು. ಶಾಲೆಗೆ ಫೋನ್ ಮಾಡಿದರೆ ಆ ಹುಡುಗಿಯ ಮನೆಯವರು ಊರು ಬಿಟ್ಟು ಮುಂಡಗೋಡಕ್ಕೆ ಹೋಗಿದ್ದಾರೆ, ಯಾವ ಓಣಿ ಎಂದು ಗೊತ್ತಿಲ್ಲ ಎಂದರು. ಸೋಮವಾರ ಬೆಳಿಗ್ಗೆ ನಾವು ಮುಂಡಗೋಡಕ್ಕೆ ಹೊರಟೆವು, ಅಳತೆಯ ಪಟ್ಟಿಯನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.